ಮಡಿಲು ಹಿಡಿದು ನಿಂತವಳು

ದೆವ್ವ ಇದೆ ಎಂದು ಗೊತ್ತಾದ ಜಾಗವನ್ನು ಜನ ಬಳಸಿಕೊಂಡು ಹೋಗುತ್ತಾರೆ. ನಮ್ಮತ್ತೆ ಬಸ್ಸು ಹತ್ತಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಒಬ್ಬರೇ ಹೋಗಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಮದುವೆಯಾಗಿ ಬಂದು, ಆ ಮನೆಯಲ್ಲಿ ಉಪ್ಪಿನ ಮಡಕೆ ಎಲ್ಲಿದೆ ಎಂದು ತಿಳಿಯುವ ಮೊದಲೇ ನನ್ನನ್ನೂ ಎಳೆದುಕೊಂಡು ಹೊರಟರಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಹೊಸ ಸೊಸೆಯನ್ನು ಯಾರಾದರೂ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ, ನೆಂಟರ ಮನೆಗೆ ಕರೆದುಕೊಂಡು ಹೋಗುತ್ತಾರೆ. ನನ್ನ ಹಣೆಬರಹಕ್ಕೆ ಹುಣಸೆಮರ, ರೈಲ್ವೆ ಗೇಟು, ಹಾಳು ಮಂಟಪ.

ಎಪ್ಪತ್ತರ ದಶಕದ ನಡುವಿನ ಮಾತಿದು. ನನ್ನ ತವರು ದಂಡಿನಶಿವರದ ಹತ್ತಿರ, ಕೊಟ್ಟಿದ್ದು ಹೊನ್ನವಳ್ಳಿ ಕಡೆಯ ಒಂದು ಹಳ್ಳಿಗೆ. ಎರಡು ಕಡೆಯೂ ತೆಂಗೇ ಬದುಕು. ಅಟ್ಟದ ತುಂಬ ಕಾಯಿ ಸುರಿದು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗುವವರೆಗೆ ಬಿಟ್ಟಿರುತ್ತಾರೆ. ಇಲಿ ಓಡಾಡಿದರೆ ಒಂದೊಂದು ಕಾಯಿ ಗುಡುಗುಡು ಉರುಳುತ್ತದೆ. ಆ ಸದ್ದಿಗೆ ಹೆದರುವವಳು ನಾನಲ್ಲ, ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದವಳು. ಆದರೆ ಈ ಮನೆಯಲ್ಲಿ ಕಾಯಿ ಉರುಳಿದಾಗೆಲ್ಲ ಅತ್ತೆ ಕೈಲಿದ್ದ ಕೆಲಸ ನಿಲ್ಲಿಸಿ, ತಲೆ ಎತ್ತಿ, "ಬಂದ್ಯಾ?" ಎಂದು ಕೇಳುತ್ತಿದ್ದರು. ಆ ಒಂದು ಮಾತಿಗೆ ಮಾತ್ರ ನಾನು ಅಟ್ಟದ ಕೆಳಗಿನಿಂದ ಆಚೆಗೆ ಸರಿದು ಕೂರುತ್ತಿದ್ದೆ. ಯಾರನ್ನು ಕೇಳುತ್ತಾರೆ ಎಂದು ಯಾರೂ ಹೇಳುತ್ತಿರಲಿಲ್ಲ.

ಕೇಳುತ್ತಿದ್ದುದು ಮಗಳನ್ನು. ನನ್ನ ನಾದಿನಿ. ನನ್ನ ಮದುವೆಗೆ ಮೊದಲೇ ಗಂಡನ ಊರಿನಲ್ಲಿ ಬಾವಿಗೆ ಬಿದ್ದು ತೀರಿಹೋಗಿದ್ದಳು. ಇಷ್ಟನ್ನು ನಮ್ಮೆಜಮಾನರ ಬಾಯಿಂದ ಬಿಡಿಸುವುದಕ್ಕೆ ನಾನು ಒಂದು ವಾರ ಮುಖ ಊದಿಸಿಕೊಂಡು ಓಡಾಡಬೇಕಾಯಿತು. ಅವಳು ಸಾಯುವ ಮುಂಚೆ ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದಳಂತೆ. ಹಬ್ಬ ಮುಗಿದ ಮೇಲೂ ಹೊರಡಲಿಲ್ಲ. "ನಾನಲ್ಲಿಗೆ ಹೋಗಲ್ಲ ಕಣವ್ವ, ಕಳಿಸ್ಬ್ಯಾಡ" ಎಂದು ಅಮ್ಮನ ಕಾಲ ಹತ್ತಿರವೇ ಕೂತಿರುತ್ತಿದ್ದಳಂತೆ. ಅಕ್ಕಪಕ್ಕದವರು ಆಡಿಕೊಳ್ಳಲು ಶುರುಮಾಡಿದರು. ಅತ್ತೆಗೆ ಸಾಕಾಗಿ, "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣೇ, ಇನ್ನೆಷ್ಟು ದಿನ ಇರ್ತೀಯ?" ಎಂದುಬಿಟ್ಟರು.

ಅಂದಮೇಲೆ ಅವಳು ಎದ್ದು ಗಂಟು ಕಟ್ಟಿದಳು. ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಬರಿ ಮಡಿಲಲ್ಲಿ ಹೊರಡುವಂತಿಲ್ಲ. ಮಣೆ ಹಾಕಿ ಕೂರಿಸಿ, ಸೆರಗು ಒಡ್ಡಿಸಿ, ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆ ಅಡಿಕೆ, ರವಿಕೆ ಕಣ ಹಾಕಿ ತಾಯಿ ಮಡಿಲು ತುಂಬಬೇಕು. ಅತ್ತೆ ಒಳಗಿನಿಂದ ಮೊರದಲ್ಲಿ ಎಲ್ಲ ಹೊಂದಿಸಿಕೊಂಡು ಬರುವಷ್ಟರಲ್ಲಿ ಮಗಳು ಹೊಸಿಲು ದಾಟಿ ಬೀದಿಯಲ್ಲಿದ್ದಳು. "ಮಡಿಲಕ್ಕಿ ಇಸ್ಕೊಂಡು ಹೋಗೇ!" ಎಂದು ಮೊರ ಹಿಡಿದುಕೊಂಡು ಬಸ್ಸು ನಿಲ್ಲುವ ಜಾಗದವರೆಗೂ ಓಡಿದರಂತೆ. ಅವಳು ತಿರುಗಿ ನೋಡಲಿಲ್ಲ. ಆಮೇಲೆ ಬಂದಿದ್ದು ಸುದ್ದಿ. ಕಾಲು ಜಾರಿತು ಎಂದರು. ಇವರು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ತಾಯಿ ಮಗಳ ಮುಖವನ್ನೂ ನೋಡಲಿಲ್ಲ.

ಇದನ್ನು ಕೇಳಿದ ದಿನ ನಾನು ಅತ್ತೆಯ ಮೇಲಿನ ಸಿಟ್ಟನ್ನು ಅರ್ಧ ಇಳಿಸಿದೆ. ಪೂರ್ತಿ ಅಲ್ಲ.

ಅತ್ತೆಯ ಲೆಕ್ಕ ಹೀಗಿತ್ತು. ಮಡಿಲಕ್ಕಿ ಇಲ್ಲದೆ, ಮುನಿಸಿಕೊಂಡು ಹೋದ ಮಗಳು ಮೇಲಕ್ಕೆ ಹೋಗಿರಲಾರಳು. ಆ ಬಾವಿಯಲ್ಲೇ ಇದ್ದಿರಬೇಕು. ಆದರೆ ಬೀಗರು ಭಯ ಬಿದ್ದು ಬಾವಿಗೆ ಕಲ್ಲು ಮಣ್ಣು ತುಂಬಿ ಮುಚ್ಚಿಸಿಬಿಟ್ಟಿದ್ದರು. ಇದ್ದ ಜಾಗ ಹೋದಮೇಲೆ ಅವಳು ಬೇರೆ ಜಾಗ ನೋಡಿಕೊಂಡಿರಲೇಬೇಕಲ್ಲ? ಹಾಗಾಗಿ ಸುತ್ತಮುತ್ತ ಎಲ್ಲೇ ಹೆಣ್ಣು ದೆವ್ವ ಕಾಣಿಸಿಕೊಂಡಿತು ಎಂಬ ಸುದ್ದಿ ಬಂದರೂ ಹೋಗಿ ನೋಡುವುದು. ನಮ್ಮ ಹುಡುಗಿಯೇ ಆಗಿದ್ದರೆ ಮಡಿಲು ತುಂಬಿ ಕಳಿಸಿಕೊಡುವುದು. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಎಲ್ಲೋ ಒಂದ್ ಕಡೆ ಸಿಕ್ಕೇ ಸಿಕ್ತಾಳೆ" ಎನ್ನುತ್ತಿದ್ದರು, ಸಂತೆಯಲ್ಲಿ ತಪ್ಪಿಸಿಕೊಂಡ ಕರುವಿನ ಮಾತಾಡಿದ ಹಾಗೆ.

ಅವಳು ಸತ್ತಿದ್ದು ಮಟಮಟ ಮಧ್ಯಾಹ್ನ. ಆದ್ದರಿಂದ ನಾವು ಹೋಗುತ್ತಿದ್ದುದೂ ಮಧ್ಯಾಹ್ನಕ್ಕೇ. ನನ್ನನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ ಎಂದು ಒಂದು ದಿನ ತಡೆಯಲಾರದೆ ಕೇಳಿದೆ. ಬಸ್ಸಿನ ಬೋರ್ಡು ಓದುವುದಕ್ಕೆ ಎನ್ನುತ್ತಾರೆ ಎಂದುಕೊಂಡಿದ್ದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಅವರಿಗೆ ಅಕ್ಷರ ಬರುತ್ತಿರಲಿಲ್ಲ.

"ನೋಡ್ಬೇಡ್ವೇನೇ ಅವ್ಳು? ಅಣ್ಣನ ಹೆಂಡ್ತಿ ಹೆಂಗವ್ಳೆ ಅಂತ ಆಸೆ ಇರಲ್ವಾ?"

ಅಯ್ಯೋ ಶಿವನೇ! ನನ್ನನ್ನು ದೆವ್ವಕ್ಕೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ದೆವ್ವ ಗಿವ್ವ ಎಲ್ಲ ಸುಳ್ಳು ಎಂದು ತವರಿನಲ್ಲಿ ಎಲ್ಲರ ಮುಂದೆ ಭಾಷಣ ಬಿಗಿಯುತ್ತಿದ್ದವಳು ನಾನು. ಅವತ್ತು ಮಲಗುವ ಮುಂಚೆ ಬಾಗಿಲ ಅಗುಳಿಯನ್ನು ಎರಡು ಸಲ ನೋಡಿದೆ.

ಮಾವ ಬದುಕಿದ್ದರು, ಗಟ್ಟಿಮುಟ್ಟಾಗಿಯೇ ಇದ್ದರು, ಆದರೆ ಮಗಳ ವಿಷಯ ಬಂದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಹೆಂಡತಿ ಎಲ್ಲಿಗೆ ಹೊರಟಿದ್ದಾಳೆ ಎಂದು ಒಮ್ಮೆಯೂ ಕೇಳಿದವರಲ್ಲ. ಆದರೆ ಹೊರಡುವ ದಿನ ಬೆಳಿಗ್ಗೆ ಜಗುಲಿಯ ಮೇಲೆ, ಎಲ್ಲೂ ಮಚ್ಚೆಯಿಲ್ಲದ ಒಂದು ಇಡೀ ಕೊಬ್ಬರಿ ಗಿಟಕು ಇರುತ್ತಿತ್ತು. ತಾವೇ ಸುಲಿದು, ಚಿಪ್ಪು ಬಿಡಿಸಿ ಇಟ್ಟಿರುತ್ತಿದ್ದರು. ಅತ್ತೆ ಅದನ್ನು ಮಾತಿಲ್ಲದೆ ಎತ್ತಿಕೊಂಡು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಮಡಿಲಕ್ಕಿ ಎಂದರೆ ಚೀಲದಲ್ಲಿ ಒಯ್ಯುವ ಸಾಮಾನಲ್ಲ, ತಾಯಿಯ ಮಡಿಲಿನಿಂದಲೇ ಮಗಳ ಮಡಿಲಿಗೆ ಹೋಗಬೇಕು ಎಂದು ಅವರ ಹಟ. ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿ, ಹೊಟ್ಟೆಯ ಮುಂದೆ ಎರಡು ಕೈಯಲ್ಲಿ ಹಿಡಿದುಕೊಂಡೇ ಬಸ್ಸಿನಲ್ಲಿ ಕೂರುತ್ತಿದ್ದರು. ಬಸುರಿ ಎಂದುಕೊಂಡು ಜನ ಎದ್ದು ಸೀಟು ಬಿಡುತ್ತಿದ್ದರು, ಆಮೇಲೆ ಮುಖ ನೋಡಿ ಪೆಚ್ಚಾಗುತ್ತಿದ್ದರು. ನನಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಮೊದಲು ಹೋದದ್ದು ಚಿಕ್ಕನಾಯಕನಹಳ್ಳಿ ರಸ್ತೆಯ ಒಂದು ಹುಣಸೆಮರಕ್ಕೆ. ಅಲ್ಲಿ ಹೆಂಗಸೊಬ್ಬಳು ಹಿಂದಿನಿಂದ ಬಂದು ಸುಣ್ಣ ಕೇಳುತ್ತಾಳೆ, ಬರಿಗೈಯಲ್ಲಿ ಕೊಟ್ಟರೆ ಕೈ ಹಿಡಿದುಕೊಂಡು ಬಿಡುವುದಿಲ್ಲ, ಕಬ್ಬಿಣದ ತುದಿಯಲ್ಲಿ ಕೊಡಬೇಕು ಎಂದು ಪ್ರತೀತಿ. ನಾನು ಸುಣ್ಣದ ಡಬ್ಬಿ ಹಿಡಿದು, ಸೊಂಟಕ್ಕೆ ಅಡಕತ್ತರಿ ಸಿಕ್ಕಿಸಿಕೊಂಡು ಹೋಗಿದ್ದೆ. ಅತ್ತೆ ಮರದ ಆಚೆ ಬದಿಗೆ ಹೋದರು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಿಸಿಲಿಗೆ ಕಣ್ಣು ಕತ್ತಲಿಡುತ್ತಿತ್ತು.

"ಒಸಿ ಸುಣ್ಣ ಇದ್ರೆ ಕೊಡವ್ವ" ಎಂದಿತು ಬೆನ್ನ ಹಿಂದೆ.

ಅಡಕತ್ತರಿಯೂ ಇಲ್ಲ, ಎಸ್ಸೆಸ್ಸೆಲ್ಸಿಯೂ ಇಲ್ಲ. ಸುಣ್ಣದ ಡಬ್ಬಿಯನ್ನೇ ಎಸೆದು ಕಿರುಚಿಕೊಂಡು ಓಡಿದೆ. ತಿರುಗಿ ನೋಡಿದರೆ ಮೇಕೆ ಮೇಯಿಸುವ ಒಬ್ಬಳು ಅಜ್ಜಿ, ಡಬ್ಬಿ ಎತ್ತಿಕೊಂಡು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ಅತ್ತೆಯೂ ನಕ್ಕರು, ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಬ್ಬರೂ ಮರದಡಿ ಕೂತು ಎಲೆಅಡಿಕೆ ಹಾಕಿಕೊಂಡರು. ಬಂದ ಕಾರಣ ಕೇಳಿ ಅಜ್ಜಿ ಲೊಚಗುಟ್ಟಿದಳು. "ನಾನಿಲ್ಲೇ ಮೇಕೆ ಕಾಯ್ತಾ ಮುದುಕಿಯಾದೆ ಕಣವ್ವ. ದಾರೀಲಿ ಹೋಗೋರ್ನೆಲ್ಲ ಸುಣ್ಣ ಕೇಳ್ತೀನಿ, ಒಬ್ರೂ ನಿಲ್ಲಲ್ಲ, ನಿನ್ ಸೊಸೆ ತರಾನೇ ಓಡ್ತಾವೆ. ದೆವ್ವ ಮಾತ್ರ ನಂಗೆ ಒಂದ್ ದಿನಾನೂ ಕಾಣ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಈ ಮುದುಕಿಯೇ ಆ ದೆವ್ವ ಎಂದು ಅತ್ತೆಗೆ ಹೊಳೆಯಿತೋ ಇಲ್ಲವೋ. "ಹಂಗಾದ್ರೆ ಇಲ್ಲಿಲ್ಲ ಬುಡು" ಎಂದು ಮಡಿಲು ಎತ್ತಿಕೊಂಡು ಎದ್ದರು.

ತಿಪಟೂರಿನ ಆಚೆ ಒಂದು ರೈಲ್ವೆ ಗೇಟಿಗೂ ಹೋದೆವು. ಅಲ್ಲಿ ಗಾಡಿ ಬರುವ ಹೊತ್ತಿಗೆ ಹೆಣ್ಣೊಂದು ಹಳಿಯ ಮೇಲೆ ನಡೆದು ಬರುತ್ತದೆ, ಗಾಡಿ ಹಾದುಹೋದ ಮೇಲೆ ನೋಡಿದರೆ ಏನೂ ಇರುವುದಿಲ್ಲ ಎಂದು ಹೇಳುತ್ತಿದ್ದರು. ಅತ್ತೆ ಹಳಿಯ ಪಕ್ಕದಲ್ಲೇ ನಿಂತುಬಿಟ್ಟರು. ಗೇಟಿನವನು ಓಡಿಬಂದ. "ಸಾಯಕ್ಕೆ ಬಂದಿದೀರೇನಮ್ಮ?" ಎಂದು ಗದರಿದ. "ಇಲ್ಲ ಕಣಪ್ಪ, ಸತ್ತೋರ್ನ ನೋಡಕ್ ಬಂದಿದೀವಿ" ಎಂದರು ಅತ್ತೆ. ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಪಾಪ, ಗೇಟು ತೆಗೆದು ನಮ್ಮನ್ನು ದಾಟಿಸಿ, ಕಣ್ಮರೆಯಾಗುವವರೆಗೂ ನೋಡುತ್ತ ನಿಂತಿದ್ದ.

ಕೊನೆಗೆ ಅತ್ತೆಯ ಮನಸ್ಸು ನಿಂತದ್ದು ತುರುವೇಕೆರೆ ಕಡೆಯ ಒಂದು ಕೆರೆಯ ಮಂಟಪದಲ್ಲಿ. ಏರಿಯ ಕೆಳಗೆ, ಮೆಟ್ಟಿಲು ನೀರಿಗಿಳಿಯುವ ಕಡೆ, ಚಾವಣಿ ಅರ್ಧ ಕುಸಿದ ಕಲ್ಲುಮಂಟಪ. ಮಧ್ಯಾಹ್ನ ಅಲ್ಲಿ ಬಟ್ಟೆ ಒಗೆಯುವ ಸದ್ದು ಕೇಳಿಸುತ್ತದೆ, ಇಳಿದು ನೋಡಿದರೆ ಕಲ್ಲು ಒಣಗಿಕೊಂಡೇ ಇರುತ್ತದೆ ಎಂದು ಆ ಊರಿನವರು ಹೇಳುತ್ತಿದ್ದರು. ಅಷ್ಟು ಕೇಳಿದ್ದೇ ಅತ್ತೆಯ ಕಣ್ಣು ಅರಳಿತು. "ಬಟ್ಟೆ ಒಗೆಯೋದು ಅಂದ್ರೆ ಅವ್ಳಿಗೆ ಪ್ರಾಣ ಕಣೇ. ಊರ್ನೋರ ಬಟ್ಟೆನೆಲ್ಲ ಇಸ್ಕೊಂಡೋಗಿ ಒಗೀತಿದ್ಲು."

ಅಲ್ಲಿಂದ ಮುಂದೆ ಅಮಾವಾಸ್ಯೆ ಬಂತೆಂದರೆ ಆ ಮಂಟಪ. ನನ್ನನ್ನು ಏರಿಯ ಮೇಲಿನ ಹೊಂಗೆಮರದ ಕೆಳಗೆ ನಿಲ್ಲಿಸಿ, ಮಗಳು ಕೆಳಗಿನಿಂದಲೇ ನನ್ನನ್ನು ನೋಡಿಕೊಳ್ಳಲಿ ಎಂದು, ತಾವೊಬ್ಬರೇ ಇಳಿಯುತ್ತಿದ್ದರು. ಒಂದೇ ಸೀರೆ ಉಡುತ್ತಿದ್ದರು, ಗಿಳಿಹಸಿರಿನದು, ಮಗಳು ಗುರುತು ಹಿಡಿಯಬೇಕಲ್ಲ. ಕಂಬದ ಪಕ್ಕದಲ್ಲಿ ಮಡಿಲು ಹಿಡಿದು ನಿಂತು ಕರೆಯುತ್ತಿದ್ದರು. "ಬಾ ಮಗಾ. ಕೋಪ ಬುಡು. ಇಸ್ಕೋ ಬಾ." ನೀರಿನ ಮೇಲಿನಿಂದ ಆ ದನಿ ನನ್ನವರೆಗೂ ಬರುತ್ತಿತ್ತು. ಕೇಳಲಾರದೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಒಂದು ಅಮಾವಾಸ್ಯೆ ಮಾತ್ರ ಮರೆಯಲಾರೆ. ಗಾಳಿ ನಿಂತುಹೋಗಿತ್ತು, ಹೊಂಗೆಯ ಎಲೆಯೂ ಅಲುಗುತ್ತಿರಲಿಲ್ಲ. ಅತ್ತೆ ಕರೆದು ಸುಮ್ಮನಾದರು. ಆಗ ಮಂಟಪದ ಒಳಗಿನಿಂದ ಕಲ್ಲಿಗೆ ಬಟ್ಟೆ ಬಡಿದ ಸದ್ದು ಬಂತು. ಸ್ವಲ್ಪ ತಡೆದು ಮತ್ತೊಂದು. ಕಂಬಗಳ ಸಂದಿಯಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದುಹೋದವು. ಅತ್ತೆ ಮೇಲೆ ನನ್ನ ಕಡೆ ತಿರುಗಿದರು. ಅಷ್ಟು ದೂರದಿಂದಲೂ ಅವರ ಮುಖ ನನಗೆ ಕಂಡಿತು. ಏರಿ ಹತ್ತಿ ಬಂದವರೇ ನನ್ನ ಕೈ ಹಿಡಿದುಕೊಂಡರು. "ನಿಂಗೂ ಕೇಳಿಸ್ತಾ?"

"ಪಾರಿವಾಳ ರೆಕ್ಕೆ ಬಡಿದಿದ್ದು ಕಣತ್ತೆ" ಎಂದೆ. ಇವತ್ತಿಗೂ ನಾನು ಪಾರಿವಾಳವೇ ಎಂದು ಹೇಳುತ್ತೇನೆ. ಆದರೆ ಆ ದಿನದಿಂದ ಇವತ್ತಿನವರೆಗೂ ಮಧ್ಯಾಹ್ನದ ಹೊತ್ತು ಒಬ್ಬಳೇ ಬಟ್ಟೆ ಒಗೆಯಲು ಕೂತವಳಲ್ಲ.

ಆಮೇಲೆ ನಾನು ಬಸುರಿಯಾದೆ. ಹೆರಿಗೆ, ಬಾಣಂತನ ಎಂದು ತವರಿನಲ್ಲಿದ್ದು, ಮಗುವನ್ನೆತ್ತಿಕೊಂಡು ವಾಪಸ್ಸು ಬರುವ ಹೊತ್ತಿಗೆ ಎಷ್ಟೋ ಅಮಾವಾಸ್ಯೆ ಕಳೆದಿದ್ದವು. ಅಷ್ಟು ಸಲವೂ ಅತ್ತೆ ಒಬ್ಬರೇ ಹೋಗಿದ್ದರು. ಬೋರ್ಡು ಓದುವವರಿಲ್ಲದಿದ್ದರೆ ಏನಂತೆ, ಬಸ್ಸಿನವರಿಗೇ ಇವರ ಪರಿಚಯವಾಗಿಹೋಗಿತ್ತು.

ಆ ವರ್ಷ ಅಟ್ಟದ ಕಾಯಿ ಇಳಿಸಿದಾಗ ಕೊಬ್ಬರಿ ಬಿಡಿಸಲು ಅಕ್ಕಪಕ್ಕದ ಊರಿನ ಹೆಂಗಸರು ಬಂದಿದ್ದರು. ಅಂಗಳದಲ್ಲಿ ರಾಶಿಯ ಸುತ್ತ ಕೂತು, ಕತ್ತಿಯಿಂದ ಚಿಪ್ಪು ಒಡೆದು, ಗಿಟಕು ಮುಕ್ಕಾಗದ ಹಾಗೆ ಬಿಡಿಸುವ ಕೆಲಸ. ಕೈಗೆ ಕೆಲಸ, ಬಾಯಿಗೆ ಊರ ಸುದ್ದಿ. ಅವತ್ತಿನ ಸುದ್ದಿ ಆ ಕೆರೆಯ ಮಂಟಪದ್ದು.

"ಹೊಸಾ ದೆವ್ವ ಬಂದೈತಂತೆ ಕಣ್ರವ್ವ ಅಲ್ಲಿ" ಎಂದಳೊಬ್ಬಳು. "ಹಸ್ರು ಸೀರೆಯಂತೆ. ಹೊಟ್ಟೆ ಇಷ್ಟ್ ಗಾತ್ರ, ದಿನ ತುಂಬಿದ ಬಸುರಿ. ಎರಡೂ ಕೈಲಿ ಹೊಟ್ಟೆ ಹಿಡ್ಕಂಡು ನಿಂತ್ಕಂಡು, 'ಬಾ ಮಗಾ, ಇಸ್ಕೋ ಬಾ' ಅಂತ ಕರೀತಾಳಂತೆ. ಹತ್ರ ಹೋದ್ರೆ ಕೂಸು ಕೈಗ್ ಕೊಟ್ಟು ಮಾಯವಂತೆ."

"ಕಾಲೂ ಹಿಂದುಮುಂದಂತೆ" ಎಂದಳು ಇನ್ನೊಬ್ಬಳು.

ಅಂತೆ ಕಂತೆಗಳ ಸಂತೆ. ಆದರೆ ನನ್ನ ಕೈಲಿದ್ದ ಕತ್ತಿ ಅಲ್ಲೇ ನಿಂತಿತು. ಪಕ್ಕದಲ್ಲಿ ಮಲಗಿದ್ದ ಮಗುವನ್ನು ಎತ್ತಿ ಅವಚಿಕೊಂಡು ಬಾಗಿಲ ಕಡೆ ನೋಡಿದೆ. ಅತ್ತೆ ಮಜ್ಜಿಗೆಯ ಚೊಂಬು ಹಿಡಿದುಕೊಂಡು ಹೊಸಿಲ ಮೇಲೆ ನಿಂತಿದ್ದರು.

"ಯಾವತ್ತು ಕಂಡ್ಳಂತೆ?" ಎಂದು ಕೇಳಿದರು.

"ಅಮಾಸೆ ಅಮಾಸೆಗೂ ಬತ್ತಾಳಂತೆ ಕಣಕ್ಕ. ಆ ಊರ್ನ ಹುಡುಗ್ರು ಕಲ್ಲು ಗುಡ್ಡೆ ಹಾಕ್ಕಂಡು ಕಾಯ್ತಾವ್ರಂತೆ, ಇನ್ನೊಂದ್ ಸಲ ಕಂಡ್ರೆ ಹೊಡ್ದು ಓಡಿಸ್ತೀವಿ ಅಂತ."

ಅತ್ತೆಯ ಮುಖ ನೋಡಿದೆ. ಆ ಮುಖದಲ್ಲಿ ಸಂತೋಷವಿತ್ತು. ಕಂಡವಳು ಮಗಳೇ ಎಂದು ತಿಳಿದುಬಿಟ್ಟರು ಎಂದುಕೊಂಡೆ. ಬಿಸಿಲಿಗೆ ತಲೆ ಕೆಟ್ಟ ಪಡ್ಡೆಗಳು ದೆವ್ವವೆಂದು ಕಲ್ಲು ಹೊಡೆದರೆ, ಅದು ಬೀಳುವುದು ಮುಪ್ಪು ಹಿಡಿಯುತ್ತಿದ್ದ ಈ ಹೆಂಗಸಿನ ತಲೆಯ ಮೇಲೆ. ನಮ್ಮೆಜಮಾನರಿಗೆ ಹೇಳಿದೆ. ಅವರು ಒಳಗೆ ಹೋಗಿ, "ಇನ್ಮೇಲೆ ನೀನು ಆ ಕಡೆ ತಲೆ ಹಾಕ್ಬ್ಯಾಡ ಕಣವ್ವ" ಎಂದು ಕೂಗಾಡಿದರು. ಅತ್ತೆ ಒಲೆಯ ಬೂದಿ ಬಾಚುತ್ತಲೇ ಇದ್ದರು. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಜಗುಲಿಯ ಮೇಲೆ ಗಿಟಕು ಇತ್ತು, ಅತ್ತೆ ಗಿಳಿಹಸಿರು ಸೀರೆ ಉಟ್ಟಿದ್ದರು. ಮಗುವನ್ನು ಮಾವನ ಕೈಗೆ ಕೊಟ್ಟು ನಾನೂ ಹೊರಟೆ. ಕಲ್ಲು ಬಿದ್ದರೆ ಇಬ್ಬರ ಮೇಲೂ ಬೀಳಲಿ ಎಂಬ ಹಟ ನನಗೂ ಬಂದಿತ್ತು.

ಆ ದಿನ ನಾನು ಹೊಂಗೆಮರದ ಕೆಳಗೆ ನಿಲ್ಲಲಿಲ್ಲ, ಅವರ ಹಿಂದೆಯೇ ಇಳಿದೆ. ಅವರು ಕಂಬದ ಪಕ್ಕ ನಿಂತು ಕರೆಯಲು ಶುರುಮಾಡಿದ ಸ್ವಲ್ಪ ಹೊತ್ತಿಗೆ, ಏರಿಯ ಆಚೆಯಿಂದ ಮೂವರು ಹೆಂಗಸರು ಬಿಂದಿಗೆ ಹಿಡಿದು ಬಂದರು. ನಾನು ಕಂಬದ ಮರೆಯಲ್ಲಿದ್ದೆ. ಅವರಿಗೆ ಕಂಡದ್ದು ಅತ್ತೆ ಮಾತ್ರ. "ಅಯ್ಯಯ್ಯೋ, ಅವ್ಳೇ ಕಣ್ರೇ!" ಬಿಂದಿಗೆಗಳು ಮೆಟ್ಟಿಲ ಮೇಲೆ ಉರುಳಿದವು. ಒಬ್ಬಳು ಓಡುವಾಗ ಕಲ್ಲೊಂದನ್ನು ಬೀಸಿದಳು, ಅದು ಕಂಬಕ್ಕೆ ತಾಗಿ ಅತ್ತೆಯ ಭುಜ ಸವರಿಕೊಂಡು ನೀರಿಗೆ ಬಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಹೊರಗೆ ನುಗ್ಗಿ, "ಕಣ್ಣಿಲ್ವೇನ್ರೇ ನಿಮ್ಗೆ? ದೆವ್ವ ಅಲ್ಲ ಕಣ್ರೇ, ಇವ್ರು ನಮ್ಮ..." ಎನ್ನುವಷ್ಟರಲ್ಲಿ ಅತ್ತೆ ಒಂದು ಕೈಯಲ್ಲಿ ಮಡಿಲು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ನನ್ನ ಬಾಯಿ ಒತ್ತಿ ಹಿಡಿದರು. ಆ ಹೆಂಗಸರು ಏರಿ ದಾಟಿ ಕಾಣದಾದ ಮೇಲೆಯೇ ಕೈ ತೆಗೆದಿದ್ದು.

ನಾನು ಅಳುತ್ತಿದ್ದೆ. "ಅವ್ರು ಹೇಳೋ ದೆವ್ವ ನಿಮ್ ಮಗಳಲ್ಲ ಅತ್ತೆ. ನೀವು. ನಿಮ್ಮನ್ನೇ ಅವ್ರು ದೆವ್ವ ಅಂತಿರೋದು."

"ಗೊತ್ತು ಕಣೇ" ಎಂದರು. "ಕೊಬ್ಬರಿ ಬಿಡಿಸ್ತಿದ್ದಾಗ್ಲೇ ಗೊತ್ತಾಯ್ತು. ನನ್ ಸೀರೆ ನಂಗೆ ಗೊತ್ತಾಗಲ್ವಾ?"

ಅತ್ತೆ ಮೆಟ್ಟಿಲ ಮೇಲೆ ಕೂತರು, ಭುಜ ನೀವಿಕೊಂಡರು.

"ಇಷ್ಟ್ ವರ್ಸ ನಾನು ಅವ್ಳನ್ನ ಹುಡುಕ್ದೆ. ಎಲ್ಲೂ ಅವ್ಳ ಸುದ್ದಿ ಸಿಗ್ಲಿಲ್ಲ. ಈಗ ನನ್ ಸುದ್ದಿ ಹೊಂಟೈತೆ ನೋಡು. ಇಲ್ಲಿಂದ ನಮ್ಮ ಅಂಗಳದವರ್ಗೂ ಬಂದೈತೆ ಅಂದ್ಮೇಲೆ ಅವ್ಳಿರೋ ತಾವ್ಕೂ ಹೋಗ್ದೆ ಇರ್ತದಾ? ಯಾವ್ದೋ ಕೆರೆ ಮಂಟಪದಾಗೆ ಒಬ್ಳು ಮಡಿಲು ಹಿಡ್ಕಂಡು ಬಾ ಮಗಾ ಅಂತ ಕಾಯ್ತಾವ್ಳೆ ಅಂದ್ರೆ, ಅವ್ಳಿಗೆ ಯಾರು ಅಂತ ತಿಳೀದಾ? ನಾನು ಹುಡುಕಿದ್ದು ಸಾಕು. ಅವ್ಳೇ ಬತ್ತಾಳೆ. ನೀನು ಇವ್ರು ನಮ್ಮತ್ತೆ, ದೆವ್ವ ಅಲ್ಲ ಅಂತ ಕೂಗಿ ಕೆಡಿಸ್ಬ್ಯಾಡ ಮಗಾ. ನಿಂಗೆ ಕೈ ಮುಗೀತೀನಿ."

ಅತ್ತೆ ಸೊಸೆಗೆ ಕೈ ಮುಗಿಯುವುದೆಂದರೆ! ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ. ಮೊದಲ ದಿನದಿಂದ ಉಳಿಸಿಕೊಂಡಿದ್ದ ಅರ್ಧ ಸಿಟ್ಟೂ ಅವತ್ತು ಆ ಕೆರೆಯಲ್ಲಿ ಹೋಯಿತು.

ಅಲ್ಲಿಂದ ಬಂದ ಮೇಲೆ ನಾನೇ ಆ ಸುದ್ದಿ ಹಬ್ಬಿಸಿದೆ. ಇನ್ನೊಬ್ಬರ ಬಾಯಿಯ ಕಾಗಕ್ಕ ಗುಬ್ಬಕ್ಕನ ಕಥೆಗೆ ಮೂಗು ಮುರಿಯುತ್ತಿದ್ದವಳು, ಕೊಬ್ಬರಿ ಬಿಡಿಸುವವರ ಮುಂದೆ, ತವರಿನಲ್ಲಿ, ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಹತ್ತಿರವೆಲ್ಲ ಮಂಟಪದ ದೆವ್ವದ ಮಾತು ತೆಗೆಯುತ್ತಿದ್ದೆ. ಕೂಸು ಕೊಡುತ್ತಾಳೆ ಎಂದು ಯಾರಾದರೂ ಅಂದರೆ ತಿದ್ದುತ್ತಿದ್ದೆ. "ಕೂಸಲ್ಲ ಕಣ್ರೀ, ಮಡಿಲಕ್ಕಿ. ಮುನಿಸ್ಕೊಂಡು ಹೋದ ಮಗಳಿಗೆ ಅಂತ ಕಾಯ್ತಿರೋದಂತೆ. ಯಾರಿಗೂ ಏನೂ ಮಾಡಲ್ಲ, ಕಲ್ಲು ಹೊಡೀಬಾರ್ದಂತೆ." ಕೇಳಿದ ಹೆಂಗಸರು ಒಬ್ಬೊಬ್ಬರೂ ಅದನ್ನು ಇನ್ನೊಂದು ಊರಿಗೆ ದಾಟಿಸುತ್ತಿದ್ದರು. ಆಮೇಲೆ ಯಾರೂ ಅಲ್ಲಿ ಕಲ್ಲು ಎತ್ತಿದ ಸುದ್ದಿ ಬರಲಿಲ್ಲ.

ಅತ್ತೆ ಮಂಡಿ ಹಿಡಿದುಕೊಳ್ಳುವವರೆಗೂ ಹೋದರು. ಬಸ್ಸು ಹತ್ತಲು ಆಗದ ಮೇಲೆ ಅಮಾವಾಸ್ಯೆಯ ಮಧ್ಯಾಹ್ನ ಮಡಿಲು ಕಟ್ಟಿಕೊಂಡು ಜಗುಲಿಯಲ್ಲೇ ಕೂರುತ್ತಿದ್ದರು. "ಬಂದು ಹೋದ್ಳೋ ಏನೋ, ನಾನು ಅಲ್ಲಿಲ್ಲ" ಎಂದು ಚಡಪಡಿಸುತ್ತಿದ್ದರು. ಸಾಯುವ ಕಾಲಕ್ಕೂ ಮಾತು ಅದೇ. ಮುತ್ತೈದೆ ಸಾವು. ಅರಿಶಿನ ಕುಂಕುಮ ಹಚ್ಚಿ, ಗಿಳಿಹಸಿರು ಸೀರೆ ಉಡಿಸಿ, ಮಡಿಲು ತುಂಬುವ ಹೊತ್ತಿಗೆ ಮಾವ ಜನರನ್ನು ಸರಿಸಿಕೊಂಡು ಬಂದು ನಿಂತರು. ಅವರ ಕೈಯಲ್ಲಿ ಸುಲಿದ ಗಿಟಕು ಇತ್ತು. "ಚೆನ್ನಾಗಿ ತುಂಬು ಕಣಮ್ಮ" ಎಂದರು ನನಗೆ. "ಕೊಟ್ಟು ಬರ್ಲಿ." ಅಷ್ಟು ವರ್ಷಗಳಲ್ಲಿ ಮಗಳ ಬಗ್ಗೆ ಅವರು ನನ್ನೆದುರು ಆಡಿದ ಮಾತು ಅದೊಂದೇ. ನಾನು ಸೆರಗು ಹಿಡಿಯುವಷ್ಟು ತುಂಬಿದೆ.

ಅದಾಗಿ ಕೆಲವು ವರ್ಷಗಳ ಮೇಲೆ, ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ, ತವರಿನಿಂದ ಬರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹುಡುಗಿಗೆ ಹೊಸದಾಗಿ ಮದುವೆಯಾಗಿತ್ತು. ಕೆನ್ನೆಯ ಅರಿಶಿನ ಇನ್ನೂ ಹೋಗಿರಲಿಲ್ಲ. ಮಾತಿಗೆ ಮಾತು ಬಂದು, ಗಂಡನ ಊರು ಆ ಕೆರೆಯ ಊರೇ ಎಂದಳು. ನನ್ನ ನಾಲಗೆ ಸುಮ್ಮನಿರಬೇಕಲ್ಲ.

"ಆ ಮಂಟಪದಾಗೆ ಈಗ್ಲೂ ದೆವ್ವ ಐತಾ?"

"ಅಯ್ಯೋ, ಐತಂತೆ ಕಣಕ್ಕ!" ಹುಡುಗಿ ಹತ್ತಿರ ಸರಿದಳು. "ಮೊದ್ಲು ಮುದುಕಿ ಒಬ್ಳೇ ನಿಂತಿರ್ತಿದ್ಲಂತೆ. ಈಗ ಇಬ್ರಂತೆ. ನಮ್ಮತ್ತೇನೇ ನೋಡವ್ರಂತೆ. ಮೆಟ್ಲ ಮೇಲೆ ಪಕ್ಕಪಕ್ಕ ಕುಂತು ಮಾತಾಡ್ತಿರ್ತಾರಂತೆ."

ನಾನು ಪೂರ್ತಿ ಅವಳ ಕಡೆ ತಿರುಗಿ ಕೂತೆ. "ಮಡಿಲಕ್ಕಿ ಯಾರ ತಾವೈತಂತೆ?"

"ಚಿಕ್ಕೋಳ ಮಡ್ಲಲ್ಲಿ ಅಂತೆ. ಮುದುಕಿ ಕೈ ಖಾಲಿಯಂತೆ. ಯಾಕಕ್ಕ?"

ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ, ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ. ಹುಡುಗಿ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು.

"ಹೆದ್ರಬ್ಯಾಡಿ ಕಣಕ್ಕ" ಎಂದಳು. "ಅವ್ರು ಯಾರಿಗೂ ಏನೂ ಮಾಡಲ್ವಂತೆ."